ಉದ್ದ ಕೈ ಸ್ಟೇಪ್ಲರ್: ಮಕ್ಕಳ ಕಥೆ ಬರೆಯುವವಳಿಗೆ ಇದ್ಯಾಕೆ?

ಮಕ್ಕಳ ಪುಸ್ತಕ ಬರೆಯುವುದಕ್ಕೆ ಏನೇನು ಬೇಕು ಅಂತ ಯಾರಾದರೂ ಕೇಳಿದರೆ, ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಅಂತ ಹೇಳಿ ಸುಮ್ಮನಾಗುತ್ತಿದ್ದೆ. ಈಗ ಅದಕ್ಕೆ ಮೂರನೆಯದು ಸೇರಿದೆ. ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ ಇರುವ, ಯಾವ ಡ್ರಾಯರಿನಲ್ಲೂ ಹಿಡಿಸದ, ಮೇಜಿನ ಮೇಲೆ ಮೊಸಳೆ ಥರ ಬಿದ್ದುಕೊಂಡಿರುವ ಒಂದು ಕಪ್ಪು ಸ್ಟೇಪ್ಲರ್. ಬಂದು ಎರಡು ವರ್ಷ ಆಯಿತು. ಇಷ್ಟು ದಿನ ಬಳಸಿದ ಮೇಲೆ ಬರೆದರೆ ತಪ್ಪಿಲ್ಲ ಅನಿಸಿ ಬರೆಯುತ್ತಿದ್ದೇನೆ.

ಬ್ರ್ಯಾಂಡ್ ಹೆಸರು ಹಾಕುತ್ತಿಲ್ಲ. ಈ ಜಾತಿಯ ಸ್ಟೇಪ್ಲರ್‌ಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ, ಬಣ್ಣ ಬೇರೆ ಅಷ್ಟೇ. ಉದ್ದ ಕೈ ಸ್ಟೇಪ್ಲರ್ ಅಂತ ಕೇಳಿದರೆ ಸಿಗುತ್ತದೆ. ನನ್ನದರ ಬಾಯಿಯ ಆಳ 30 ಸೆಂ.ಮೀ. ಅಂದರೆ ಹಾಳೆಯ ಅಂಚಿನಿಂದ 30 ಸೆಂ.ಮೀ. ಒಳಗೆ ಹೋಗಿ ಪಿನ್ ಹೊಡೆಯುತ್ತದೆ. ಈ ಒಂದು ಸಂಖ್ಯೆಗಾಗಿಯೇ ಇದನ್ನು ಕೊಂಡಿದ್ದು.

ಯಾಕೆ ಅಂತ ಹೇಳುತ್ತೇನೆ. ನಾನು ಬರೆಯುವುದು ಚಿತ್ರಪುಸ್ತಕಗಳಿಗೆ. ಓದಲು ಬಾರದ ಮಗುವಿಗೆ ದೊಡ್ಡವರು ತೊಡೆಯ ಮೇಲೆ ಕೂರಿಸಿಕೊಂಡು ಓದಿ ಹೇಳುವ ಪುಸ್ತಕಗಳು. ಐನೂರು ಪದ ದಾಟಿದರೆ ಸಂಪಾದಕರ ಹುಬ್ಬು ಮೇಲೇರುತ್ತದೆ. ಈ ಪುಸ್ತಕಗಳಲ್ಲಿ ಹೆಚ್ಚಿನವು 32 ಪುಟ. ಇದು ಬರೆಯುವವರ ಲೆಕ್ಕ ಅಲ್ಲ, ಪ್ರೆಸ್ಸಿನವರ ಲೆಕ್ಕ. ದೊಡ್ಡ ಹಾಳೆಯ ಮೇಲೆ ಎಂಟೋ ಹದಿನಾರೋ ಪುಟ ಒಟ್ಟಿಗೆ ಅಚ್ಚು ಮಾಡಿ ಮಡಚುತ್ತಾರೆ. ಹಾಗಾಗಿ ಪುಟಗಳು ಆ ಗುಣಕದಲ್ಲೇ ಬರಬೇಕು. ನಿಮ್ಮ ಕಥೆ 29 ಪುಟಕ್ಕೆ ಮುಗಿದರೆ ಅದು ನಿಮ್ಮ ಹಣೆಬರಹ, 33 ಆದರೂ ಅಷ್ಟೇ.

ಈ 32 ಪುಟದಲ್ಲೂ ಎಲ್ಲ ನಮ್ಮದಲ್ಲ. ಮೊದಲ ಪುಟ ಪುಸ್ತಕದ ಹೆಸರಿಗೆ. ಎರಡು, ಮೂರು ಹಕ್ಕುಗಳು, ಅರ್ಪಣೆ, ಅದು ಇದು. ಕಥೆ ಶುರುವಾಗುವುದು ನಾಲ್ಕನೇ ಪುಟದಿಂದ. ಎದುರು ಬದುರು ಎರಡು ಪುಟ ಸೇರಿದರೆ ಒಂದು ಸ್ಪ್ರೆಡ್. ಲೆಕ್ಕ ಹಾಕಿ, 4ರಿಂದ 31ರವರೆಗೆ ಹದಿನಾಲ್ಕು ಸ್ಪ್ರೆಡ್, ಕೊನೆಗೆ ಒಂಟಿಯಾಗಿ 32ನೇ ಪುಟ. ನನ್ನ ಕೆಲಸ ಅಂದರೆ ಈ ಹದಿನಾಲ್ಕೂವರೆ ಕೋಣೆಯ ಮನೆಯಲ್ಲಿ ಒಂದು ಕಥೆಯನ್ನು ಬಾಡಿಗೆಗೆ ಇಡುವುದು.

ಮನೆ ಹೇಗಿದೆ ಅಂತ ನೋಡದೆ ಸಾಮಾನು ಸಾಗಿಸಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ. ಎಂಟು ಎ4 ಹಾಳೆ ತಗೊಂಡು ನಡುವೆ ಮಡಚಿದರೆ 32 ಪುಟದ ಚಿಕ್ಕ ಪುಸ್ತಕ ಆಗುತ್ತದೆ. ಅದರಲ್ಲಿ ಯಾವ ಪುಟಕ್ಕೆ ಯಾವ ಸಾಲು ಅಂತ ಕತ್ತರಿಸಿ ಅಂಟಿಸುವುದು, ಚಿತ್ರದ ಜಾಗದಲ್ಲಿ ಏನೋ ಗೀಚುವುದು. ನನಗೆ ಚಿತ್ರ ಬರುವುದಿಲ್ಲ. ನಾನು ಬರೆದ ಹಸು, ನಾಯಿ, ಮೇಜು ಮೂರೂ ಒಂದೇ ಥರ ಇರುತ್ತವೆ. ಪರವಾಗಿಲ್ಲ, ಡಮ್ಮಿಗೆ ಅಷ್ಟು ಸಾಕು.

ತೊಂದರೆ ಇರುವುದು ನಡುಮಡಿಕೆಯಲ್ಲಿ. ಎ4 ಹಾಳೆಯ ಉದ್ದ 29.7 ಸೆಂ.ಮೀ. ನಡುವೆ ಮಡಚಿದ ಗೆರೆ ಅಂಚಿನಿಂದ ಸುಮಾರು 15 ಸೆಂ.ಮೀ. ಒಳಗಿರುತ್ತದೆ. ನನ್ನ ಹಳೆಯ ಸ್ಟೇಪ್ಲರ್ ಒಳಗೆ ಹೋಗುತ್ತಿದ್ದದ್ದು ಆರೂವರೆ ಸೆಂ.ಮೀ. ಮೇಲಿನಿಂದ, ಮಡಿಕೆಯ ದಾರಿಯಲ್ಲೇ ಬಂದು ಹೊಡೆಯಬಹುದು, ಆದರೆ ಆಗ ಪಿನ್ ಮಡಿಕೆಗೆ ಅಡ್ಡಡ್ಡ ಕೂರುತ್ತದೆ. ಪುಸ್ತಕ ಮುಚ್ಚಿದ ಕೂಡಲೇ ಪಿನ್ ಬಾಗಿ ಹಾಳೆ ಹರಿಯುತ್ತದೆ.

ಹಾಗಾದರೆ ಇಷ್ಟು ವರ್ಷ ಏನು ಮಾಡುತ್ತಿದ್ದೆ? ಸ್ಟೇಪ್ಲರ್ ಪೂರ್ತಿ ಬಿಚ್ಚಿ, ಹಾಳೆಗಳ ಕೆಳಗೆ ಒಂದು ರಬ್ಬರ್ ಇಟ್ಟು, ಮೇಲಿನಿಂದ ಗುದ್ದುತ್ತಿದ್ದೆ. ಪಿನ್ನಿನ ಕಾಲು ರಬ್ಬರಿನೊಳಗೆ ಇಳಿಯುತ್ತದೆ. ಆಮೇಲೆ ಹುಷಾರಾಗಿ ಎತ್ತಿ, ಸ್ಕೇಲಿನ ಅಂಚಿನಿಂದ ಆ ಕಾಲುಗಳನ್ನು ಒಂದೊಂದಾಗಿ ಮಡಚಬೇಕು. ಬೆರಳಿಗೆ ಚುಚ್ಚಿಸಿಕೊಳ್ಳದೆ ಒಂದು ಡಮ್ಮಿ ಮುಗಿಸಿದ ನೆನಪಿಲ್ಲ. ಸೂಜಿ ದಾರದಲ್ಲೂ ಹೊಲಿಯಬಹುದು. ಮಡಿಕೆಯಲ್ಲಿ ಮೂರು ತೂತು, ನಡುವಿನ ತೂತಿನಿಂದ ಶುರು ಮಾಡಿ ಅಲ್ಲಿಗೇ ಬಂದು ಗಂಟು. ನೋಡಲು ಚೆಂದ, ಗಟ್ಟಿಯೂ ಹೌದು. ಆದರೆ ಒಂದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಹತ್ತು ನಿಮಿಷ ಕಷ್ಟಪಟ್ಟು ಹೊಲಿದ ಡಮ್ಮಿಯನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಬರುವುದಿಲ್ಲ. ಅಲ್ಲೇ ಇರುವುದು ನೋಡಿ ಸಮಸ್ಯೆ. ಡಮ್ಮಿ ಇರುವುದೇ ಬಿಸಾಡಲಿಕ್ಕೆ. ಒಂದು ಕಥೆಗೆ ಐದಾರು ಬಿಸಾಡಿದರೇನೇ ಏಳನೆಯದು ಸರಿ ಹೋಗುವುದು.

ಈಗ ಉದ್ದ ಕೈ ಬಂದ ಮೇಲೆ ಒಂದು ಡಮ್ಮಿಗೆ ಒಂದು ನಿಮಿಷ. ಹಾಳೆ ಮಡಚಿ ಬಿಡಿಸಿ, ಮಡಿಕೆಯ ಗೆರೆ ಸ್ಟೇಪ್ಲರಿನ ಬಾಯಿಗೆ ನೇರ ಬರುವ ಹಾಗೆ ಇಟ್ಟು, ಎರಡು ಕಡೆ ಟಕ್ ಟಕ್. ಮುಗೀತು. ಇದರಿಂದ ನನ್ನ ಬರವಣಿಗೆ ಬದಲಾಯಿತು ಅಂದರೆ ಉತ್ಪ್ರೇಕ್ಷೆ ಅನಿಸಬಹುದು. ಒಂದು ಪುಸ್ತಕದ ವಿಷಯ ಹೇಳುತ್ತೇನೆ, ನೀವೇ ನೋಡಿ.

ಸ್ಟೇಪ್ಲರ್ ಬಂದ ವಾರ ನಾನು ಗುಡುಗಿಗೆ ಹೆದರುವ ಒಂದು ಮೋಡದ ಕಥೆ ಬರೆಯುತ್ತಿದ್ದೆ. ಪುಟ್ಟ ಮೋಡ, ಎಲ್ಲ ಮೋಡಗಳ ಹಿಂದೆ ಅಡಗಿಕೊಳ್ಳುತ್ತದೆ, ಆಮೇಲೆ ಒಂದು ದಿನ ಗುಡುಗು ತನ್ನ ಹೊಟ್ಟೆಯೊಳಗಿಂದಲೇ ಬರುತ್ತದೆ. ಕಂಪ್ಯೂಟರಿನಲ್ಲಿ ಓದಿಕೊಂಡಾಗ ಅದ್ಭುತವಾಗಿತ್ತು. ನನಗೆ ನಾನೇ ಶಭಾಷ್ ಹೇಳಿಕೊಂಡಿದ್ದೆ. ಮೋಡ ತಡೆದುಕೊಳ್ಳುತ್ತದೆ, ತಡೆದುಕೊಳ್ಳುತ್ತದೆ, ಇನ್ನು ಆಗುವುದಿಲ್ಲ ಅನ್ನುವಾಗ ‘ಢಮಾರ್!’

ಡಮ್ಮಿ ಮಾಡಿ ಅಣ್ಣನ ಮಗಳನ್ನು ಕೂರಿಸಿಕೊಂಡು ಓದಿದೆ. ಆಗ ಅವಳಿಗೆ ಐದು ವರ್ಷ. ಹದಿನಾರನೇ ಪುಟದಲ್ಲಿದ್ದೆ. ಮೋಡ ಇನ್ನೂ ತುಟಿ ಕಚ್ಚಿಕೊಂಡು ತಡೆದುಕೊಳ್ಳುತ್ತಿತ್ತು. ನಾನು ದನಿ ಇಳಿಸಿ, ನಿಧಾನವಾಗಿ, ಭಯಂಕರ ಅಭಿನಯ ಮಾಡುತ್ತಿದ್ದೆ. ಅವಳು ಎದುರಿನ ಪುಟದ ಮೇಲೆ ಬೆರಳಿಟ್ಟಳು.

“ಅತ್ತೆ, ಗುಡುಗು ಆಗ್ಲೇ ಬಂದಿದೆ.”

ಬಂದಿತ್ತು! ‘ಢಮಾರ್’ ಇದ್ದದ್ದು 17ನೇ ಪುಟದಲ್ಲಿ. 17 ಅಂದರೆ ಬಲಗಡೆಯ ಪುಟ. 16ನ್ನು ತೆರೆದಾಗಲೇ ಅದೂ ತೆರೆದುಕೊಳ್ಳುತ್ತದೆ. ನಾನು ಓದುತ್ತಾ ಇರುವಾಗ ಮಗು ಅಕ್ಷರ ನೋಡುವುದಿಲ್ಲ, ಚಿತ್ರ ನೋಡುತ್ತದೆ. ನಾನು ಗೀಚಿದ ದೊಡ್ಡ ಮಿಂಚು ಅಲ್ಲೇ ಕಣ್ಣಿಗೆ ಹೊಡೆಯುತ್ತಿತ್ತು. ಕಂಪ್ಯೂಟರಿನಲ್ಲಿ ಕೆಳಗೆ ಕೆಳಗೆ ಸರಿಸಿಕೊಂಡು ಓದುವಾಗ ಇದು ಗೊತ್ತೇ ಆಗಿರಲಿಲ್ಲ.

ಬೆಚ್ಚಿ ಬೀಳಿಸುವುದು ಏನೇ ಇದ್ದರೂ ಪುಟ ತಿರುಗಿಸಿದ ಮೇಲೆ, ಎಡಗಡೆ ಬರಬೇಕು. ಅಂದರೆ ಸಮಸಂಖ್ಯೆಯ ಪುಟ. ಇದು ಈ ಕೆಲಸದವರಿಗೆಲ್ಲ ಗೊತ್ತಿರುವ ವಿಷಯ, ನನಗೂ ಗೊತ್ತಿತ್ತು. ಗೊತ್ತಿದ್ದೂ ತಪ್ಪಿದ್ದೆ. ಹಾಗಾಗಿ ಗುಡುಗನ್ನು ಒಂದು ಪುಟ ಹಿಂದೆ ತರಬೇಕಾಯಿತು. ಎಲ್ಲಿ ಕಡಿಮೆ ಮಾಡುವುದು? 8 ಮತ್ತು 9ನೇ ಪುಟದಲ್ಲಿ ಮೋಡ ಎಲ್ಲೆಲ್ಲಿ ಅಡಗಿತು ಅಂತ ಉದ್ದಕ್ಕೆ ಬರೆದಿದ್ದೆ. ಎರಡೂ ಸೇರಿ 57 ಪದ. ನನಗೆ ಬಹಳ ಇಷ್ಟದ ಸಾಲುಗಳು, ಪ್ರಾಸ ಬೇರೆ. ಕತ್ತರಿಸಿ 14 ಪದ ಮಾಡಿ ಒಂದೇ ಪುಟಕ್ಕೆ ತಂದೆ. ಮೋಡ ಎಲ್ಲಿ ಅಡಗಿದೆ ಅನ್ನುವುದನ್ನು ಹೇಗೂ ಚಿತ್ರ ತೋರಿಸುತ್ತದೆ, ನಾನ್ಯಾಕೆ ಹೇಳಬೇಕು? ಅಲ್ಲಿಂದ ಮುಂದಿನದೆಲ್ಲ ಒಂದೊಂದು ಪುಟ ಹಿಂದೆ ಸರಿಯಿತು. ‘ಢಮಾರ್’ 16ಕ್ಕೆ ಬಂತು. ಕೊನೆಯಲ್ಲಿ 32ನೇ ಪುಟ ಖಾಲಿ ಉಳಿಯಿತು. ಅದನ್ನು ಮಾತಿಲ್ಲದೆ ಹಾಗೇ ಬಿಟ್ಟೆ, ಚಿತ್ರ ಬರೆಯುವವರಿಗೆ ಅಂತ.

ಹೊಸ ಡಮ್ಮಿ, ಒಂದು ನಿಮಿಷ. ಸೂಜಿ ದಾರದ ಕಾಲದಲ್ಲಾಗಿದ್ದರೆ ಹಳೆಯದರ ಮೇಲೇ ಚೀಟಿ ಅಂಟಿಸಿ, ಇಷ್ಟೇ ಸಾಕು ಬಿಡು ಅಂದುಕೊಂಡಿರುತ್ತಿದ್ದೆ.

ಸ್ಟೇಪ್ಲರ್ ಗುಣದೋಷಕ್ಕೆ ಬರುತ್ತೇನೆ. ಇದು 24/6 ಪಿನ್ ತಗೊಳ್ಳುತ್ತದೆ. ಮೊದಲ ಸಂಖ್ಯೆ ತಂತಿಯ ದಪ್ಪ, ಎರಡನೆಯದು ಕಾಲಿನ ಉದ್ದ, 6 ಮಿ.ಮೀ. ನೋಡಲು ಹಾಗೇ ಇರುವ 26/6 ಪಿನ್ ತಂತಿ ಸ್ವಲ್ಪ ತೆಳು. ಒಮ್ಮೆ ಗಮನಿಸದೆ ಅದನ್ನು ತಂದು ಹಾಕಿದೆ. ಎಂಟು ಹಾಳೆಗೆ ನಡೆಯಿತು, ದಪ್ಪ ರಟ್ಟಿನ ಹೊದಿಕೆ ಸೇರಿಸಿದಾಗ ಸೊಟ್ಟಗಾಗಿ ಮೇಲೇ ಮುದುಡಿಕೊಂಡಿತು. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಹಾಳೆ ಎಂಟು ಅಂದರೆ ಇದಕ್ಕೆ ಲೆಕ್ಕಕ್ಕೇ ಇಲ್ಲ. ಹನ್ನೆರಡು ಹಾಳೆ, ಅಂದರೆ 48 ಪುಟದ್ದನ್ನೂ ಮಾಡಿದ್ದೇನೆ. ಚಿತ್ರ ಬರೆಯುವ ದಪ್ಪ ಹಾಳೆಯಲ್ಲಿ ಮಾತ್ರ ಎಂಟಕ್ಕೇ ಏದುಸಿರು ಬಿಡುತ್ತದೆ.

ಎ3 ಹಾಳೆಗೂ ಆಗುತ್ತದೆ. ಅದರ ನಡುಮಡಿಕೆ 21 ಸೆಂ.ಮೀ. ಒಳಗೆ, ನಮ್ಮ ಕೈ 30. ಎ4ನ್ನು ಮಡಚಿದರೆ ಎ5, ಎ3ನ್ನು ಮಡಚಿದರೆ ಎ4. ಎಷ್ಟು ಸಲ ಅರ್ಧ ಮಾಡಿದರೂ ಉದ್ದ ಅಗಲದ ಅನುಪಾತ ಒಂದೇ ಇರುತ್ತದೆ, ಈ ಅಳತೆಗಳನ್ನು ಮಾಡಿರುವುದೇ ಹಾಗೆ. ಹಾಗಾಗಿ ಚಿಕ್ಕ ಡಮ್ಮಿಯನ್ನು ಜೆರಾಕ್ಸ್‌ನಲ್ಲಿ ದೊಡ್ಡದು ಮಾಡಿಸಿದರೆ ಏನೂ ಕತ್ತರಿಸಿ ಹೋಗುವುದಿಲ್ಲ. ಮಕ್ಕಳ ಗುಂಪಿಗೆ ಓದುವಾಗ ಎ3 ಡಮ್ಮಿ ಹಿಂದಿನ ಸಾಲಿಗೂ ಕಾಣುತ್ತದೆ.

ದೂರು ಬೇಕಾದಷ್ಟಿವೆ. ಮೊದಲನೆಯದು, ತಳದ ಮೇಲೆ ಅಚ್ಚು ಮಾಡಿರುವ ಅಳತೆಪಟ್ಟಿ. ಅದರಲ್ಲಿ 15 ಅಂತ ಇರುವುದು ನಿಜವಾಗಿ 15.3. ಎರಡು ಡಮ್ಮಿ ಹಾಳು ಮಾಡಿಕೊಂಡ ಮೇಲೆ ಸ್ಕೇಲ್ ಇಟ್ಟು ಅಳೆದೆ. ಈಗ ಅದರ ಮೇಲೆ ಟೇಪ್ ಅಂಟಿಸಿ, ಪೆನ್ನಿನಲ್ಲಿ ನನ್ನದೇ ಗೆರೆ ಹಾಕಿಕೊಂಡಿದ್ದೇನೆ. ಹಾಳೆಯ ಅಂಚು ತಾಗಿ ನಿಲ್ಲಲು ಇರುವ, ಸರಿಸುವ ತಡೆಪಟ್ಟಿಯ ಸ್ಕ್ರೂ ನಾಲ್ಕು ಸಲ ಹೊಡೆಯುವಷ್ಟರಲ್ಲಿ ಸಡಿಲ ಆಗುತ್ತದೆ. ಅದನ್ನು ತೆಗೆದು ಎಲ್ಲೋ ಇಟ್ಟೆ, ಈಗ ಸಿಗುತ್ತಿಲ್ಲ, ಬೇಕಾಗಿಯೂ ಇಲ್ಲ.

ತರಿಸಿದ ಕಥೆ ಒಂದು ಗೋಳು. ಮೊದಲು ಬಂದದ್ದರ ಕೈ ಸೊಟ್ಟಗಿತ್ತು. ಪಿನ್ ಹೊಡೆದರೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಮಾರಿದವರಿಗೆ ಫೋಟೊ ಕಳಿಸಿದೆ. “ಬಳಸುತ್ತಾ ಬಳಸುತ್ತಾ ಸರಿ ಹೋಗುತ್ತದೆ” ಅಂತ ಉತ್ತರ ಬಂತು. ಸ್ಟೇಪ್ಲರ್ ಏನು ಹೊಸ ಚಪ್ಪಲಿಯೇ? ಮೂರು ಸಲ ಬರೆದ ಮೇಲೆ ಬೇರೆ ಕಳಿಸಿದರು. ಬಂದ ದಿನವೇ ಹತ್ತು ಹಾಳೆ ಇಟ್ಟು ಹೊಡೆದು ನೋಡಿ, ಹಿಂಭಾಗದಲ್ಲಿ ಎರಡೂ ಕಾಲು ಒಳಮುಖವಾಗಿ ಮಡಚಿದೆಯಾ ಅಂತ. ಡಬ್ಬ ಎಸೆಯಬೇಡಿ.

ಹಾಳೆಯ ನಾರು ಅಂತ ಒಂದಿದೆ. ಇದು ಸ್ಟೇಪ್ಲರಿನ ತಪ್ಪಲ್ಲ, ಆದರೂ ಹೇಳಬೇಕು. ಕಾಗದದ ನಾರು ಒಂದು ದಿಕ್ಕಿಗೆ ಮಲಗಿರುತ್ತದೆ. ಪ್ರಿಂಟರಿಗೆ ಹಾಕುವ ಎ4ನಲ್ಲಿ ಹೆಚ್ಚಾಗಿ ಉದ್ದಕ್ಕೆ. ನಾವು ಅಡ್ಡಕ್ಕೆ ಮಡಚುತ್ತೇವೆ. ಹಾಗಾಗಿ ಮಡಿಕೆ ಮುನಿಸಿಕೊಂಡಂತೆ ಉಬ್ಬಿಕೊಂಡು, ಡಮ್ಮಿ ಮೇಜಿನ ಮೇಲೆ ಬಾಯಿ ತೆರೆದು ಕೂರುತ್ತದೆ. ಒಂದೊಂದೇ ಹಾಳೆ ಮಡಚಿ, ಸ್ಕೇಲಿನ ಬೆನ್ನಿನಿಂದ ಗಟ್ಟಿಯಾಗಿ ಉಜ್ಜಿ, ಆಮೇಲೆ ಎಂಟನ್ನೂ ಒಂದರೊಳಗೊಂದು ಸೇರಿಸಿ ಪಿನ್ ಹೊಡೆಯಿರಿ. ರಾತ್ರಿ ನಿಘಂಟಿನ ಕೆಳಗೆ ಇಟ್ಟರೆ ಬೆಳಗ್ಗೆ ಮಾತು ಕೇಳುತ್ತದೆ. ನನ್ನ ನಿಘಂಟು ಈಚೆಗೆ ಜಾಸ್ತಿ ಬಳಕೆಯಾಗುತ್ತಿರುವುದು ಇದಕ್ಕೇ.

ಬೇರೆ ದಾರಿ ಇಲ್ಲವೇ ಅಂದರೆ ಇದೆ. ತಲೆ ತಿರುಗುವ ಸ್ಟೇಪ್ಲರ್ ಸಿಗುತ್ತದೆ. ಅಂದರೆ ಅದರದೇ ತಲೆ ತಿರುಗುತ್ತದೆ, ನಮ್ಮದಲ್ಲ. ಪಿನ್ ಹೊಡೆಯುವ ಭಾಗವನ್ನು ತಿರುಗಿಸಿಕೊಂಡು ಮಡಿಕೆಯ ದಾರಿಯಲ್ಲೇ ಬರಬಹುದು. ಚಿಕ್ಕದು, ಡ್ರಾಯರಿನಲ್ಲಿ ಕೂರುತ್ತದೆ. ಎ5 ಡಮ್ಮಿ ಮಾತ್ರ ಮಾಡುವವರಿಗೆ ಅದೇ ಸಾಕು. ಗೆಳತಿಯೊಬ್ಬಳು ಬಳಸುತ್ತಾಳೆ, ಖುಷಿಯಾಗಿದ್ದಾಳೆ. ನನ್ನ ಮೊಸಳೆಯನ್ನು ನೋಡಿ ನಗುತ್ತಾಳೆ.

ಹೊಸದಾಗಿ ಬರೆಯುವವರು ಒಂದು ತಪ್ಪು ತಿಳಿಯುತ್ತಾರೆ. ಡಮ್ಮಿ ಮಾಡಿ ಪ್ರಕಾಶಕರಿಗೆ ಕಳಿಸಬೇಕು ಅಂತ. ಚಿತ್ರವನ್ನೂ ನೀವೇ ಬರೆಯುವುದಾದರೆ ಕಳಿಸಿ. ಬರೀ ಬರಹಗಾರರಾಗಿದ್ದರೆ ಬೇಡ. ಅವರಿಗೆ ಬೇಕಾದ್ದು ಶುದ್ಧವಾಗಿ ಟೈಪ್ ಮಾಡಿದ ಒಂದೆರಡು ಹಾಳೆಯ ಕಥೆ ಅಷ್ಟೇ. ಚಿತ್ರಗಾರರನ್ನು ಸಾಮಾನ್ಯವಾಗಿ ಅವರೇ ಆರಿಸುತ್ತಾರೆ. ಎಷ್ಟೋ ಸಲ ಬರೆದವರೂ ಚಿತ್ರ ಬಿಡಿಸಿದವರೂ ಪುಸ್ತಕ ಬರುವವರೆಗೆ ನೇರ ಮಾತಾಡಿರುವುದೇ ಇಲ್ಲ, ಎಲ್ಲ ಸಂಪಾದಕರ ಮೂಲಕವೇ. ಮೊದಲು ನನಗೂ ಇದು ವಿಚಿತ್ರ ಅನಿಸಿತ್ತು. ಆಮೇಲೆ ನಾನು ಕನಸಿನಲ್ಲೂ ಎಣಿಸದ ಚಿತ್ರಗಳು ಬಂದಾಗ ಒಳ್ಳೆಯದೇ ಆಯಿತು ಅನಿಸಿತು. ನನ್ನ ಹಸು, ನಾಯಿ, ಮೇಜು ಅವರ ಕಣ್ಣಿಗೆ ಬೀಳದಿರುವುದೇ ಕ್ಷೇಮ. ಡಮ್ಮಿ ನನ್ನ ಕೈ ದಾಟಿ ಪ್ರಕಾಶಕರ ಹತ್ತಿರ ಹೋಗುವುದಿಲ್ಲ.

ಅದಾದ ಮೇಲೆ ಕಾಯುವ ಕೆಲಸ. ಕಥೆ ಒಪ್ಪಿಕೊಂಡು ಪುಸ್ತಕ ಕೈಗೆ ಬರುವಷ್ಟರಲ್ಲಿ ಎರಡು ವರ್ಷ ಆಗುವುದು ಹೊಸದಲ್ಲ. ನಾಲ್ಕುನೂರು ಪದ ಬರೆಯಲು ಮೂರು ತಿಂಗಳು, ಚಿತ್ರಕ್ಕೆ ಅದರ ಮೂರರಷ್ಟು. ಮುಂಗಡ ಸಿಕ್ಕರೆ ಸಿಕ್ಕಿತು. ಅದು ರಾಯಲ್ಟಿಯ, ಅಂದರೆ ಮಾರಾಟವಾದ ಪ್ರತಿಗಳಿಂದ ನಮಗೆ ಬರುವ ಪಾಲಿನ, ಲೆಕ್ಕದಲ್ಲಿ ಮುರಿದುಕೊಳ್ಳುವ ಹಣ. ಅಷ್ಟು ಪ್ರತಿ ಮಾರಾಟ ಆಗುವವರೆಗೆ ಮುಂದೆ ಏನೂ ಬರುವುದಿಲ್ಲ. ಚಿತ್ರಪುಸ್ತಕದಲ್ಲಿ ಆ ರಾಯಲ್ಟಿಯನ್ನೂ ಚಿತ್ರಗಾರರ ಜೊತೆ ಹಂಚಿಕೊಳ್ಳಬೇಕು, ಬಹಳ ಕಡೆ ಅರ್ಧ ಅರ್ಧ. ನ್ಯಾಯವೇ. ಹೆಚ್ಚು ಬೆವರು ಸುರಿಸುವವರು ಅವರೇ. ಆದರೆ ಬರೀ ಇದರಲ್ಲಿ ಜೀವನ ನಡೆಯುವವರು ಕಡಿಮೆ. ನಾನು ಮಧ್ಯಾಹ್ನದ ಮೇಲೆ ಬೇರೆಯವರ ಕರಡು ತಿದ್ದುತ್ತೇನೆ, ಅನುವಾದ ಮಾಡುತ್ತೇನೆ, ಶಾಲೆಗಳಿಗೆ ಹೋಗುತ್ತೇನೆ. ಬೆಳಗಿನ ಎರಡು ಗಂಟೆ ಮಾತ್ರ ಮೋಡ, ಗುಡುಗು.

ಅನುವಾದ ಅಂದಾಗ ಒಂದು ನೆನಪಾಯಿತು. ನನ್ನ ಮೊದಲ ಪುಸ್ತಕದಲ್ಲಿ ರಾತ್ರಿಯ ಕಡುನೀಲಿ ಪುಟದ ಮೇಲೆ ಬಿಳಿ ಅಕ್ಷರ ಬೇಕು ಅಂತ ಹಟ ಹಿಡಿದಿದ್ದೆ. ಸಂಪಾದಕರು ಒಪ್ಪಲಿಲ್ಲ. ಕಾರಣ ಆಮೇಲೆ ತಿಳಿಯಿತು. ಬಣ್ಣದ ಅಚ್ಚಿಗೆ ನೀಲಿ, ಕೆಂಪು, ಹಳದಿ, ಕಪ್ಪು ಅಂತ ನಾಲ್ಕು ಪ್ಲೇಟ್. ಅಕ್ಷರ ಬರೀ ಕಪ್ಪಿನಲ್ಲಿದ್ದರೆ, ಬೇರೆ ಭಾಷೆಗೆ ಹೋಗುವಾಗ ಕಪ್ಪು ಪ್ಲೇಟ್ ಒಂದನ್ನು ಬದಲಾಯಿಸಿದರೆ ಸಾಕು. ಬಿಳಿ ಅಕ್ಷರ ಅಂದರೆ ಬಣ್ಣದಲ್ಲಿ ಬಿಟ್ಟ ತೂತು, ನಾಲ್ಕೂ ಪ್ಲೇಟ್ ಹೊಸದಾಗಬೇಕು. ಅಂದಿನಿಂದ ಡಮ್ಮಿ ಮಾಡುವಾಗ ಮಾತು ಕೂರಲು ಪ್ರತಿ ಪುಟದಲ್ಲೂ ಒಂದು ತಿಳಿ ಜಾಗ ಮನಸ್ಸಿನಲ್ಲೇ ಬಿಟ್ಟುಕೊಳ್ಳುತ್ತೇನೆ.

ಸ್ಟೇಷನರಿ ಸಾಮಾನಿನಿಂದ ಕಥೆ ಹುಟ್ಟುತ್ತದೆಯೇ ಅಂತ ನಗುವವರಿಗೆ ಒಂದು ಮಾತು. ಅಮೆರಿಕದ ಚಿತ್ರಪುಸ್ತಕಕಾರ ಎರಿಕ್ ಕಾರ್ಲ್ ಅವರ ಹಸಿದ ಕಂಬಳಿಹುಳದ ಪುಸ್ತಕ ಹುಟ್ಟಿದ್ದೇ ಹಾಳೆಗೆ ತೂತು ಹೊಡೆಯುವ ಪಂಚ್‌ನಿಂದ. ಹಾಳೆಯ ಕಟ್ಟಿಗೆ ಸುಮ್ನೆ ತೂತು ಹೊಡೆಯುತ್ತಾ ಕೂತಿದ್ದಾಗ ಪುಸ್ತಕದ ಹುಳ ನೆನಪಾಯಿತಂತೆ. ಅದು 1969ರಲ್ಲಿ ಬಂತು. ಇಂಗ್ಲೆಂಡಿನ ಮಕ್ಕಳ ಲೇಖಕಿ ಬಿಯಾಟ್ರಿಕ್ಸ್ ಪಾಟರ್ 1901ರಲ್ಲಿ ತನ್ನ ಮೊಲದ ಕಥೆಯನ್ನು ತಾನೇ 250 ಪ್ರತಿ ಅಚ್ಚು ಹಾಕಿಸಿದಾಗ, ಪುಟ್ಟ ಕೈಗೆ ಪುಟ್ಟ ಪುಸ್ತಕವೇ ಸರಿ ಅಂತ ಅಳತೆಯನ್ನು ತಾನೇ ನಿರ್ಧರಿಸಿದ್ದಳು. ನಾನು ಅವರ ಸಾಲಿನವಳಲ್ಲ ಬಿಡಿ. ಆದರೆ ಕಾಗದ ಕೈಯಲ್ಲಿ ಹಿಡಿದು ಯೋಚಿಸುವವರ ಜಾತಿ ಒಂದೇ.

ಶಾಲೆಗೆ ಹೋದಾಗ ಇದನ್ನು ಹೊತ್ತುಕೊಂಡು ಹೋಗುತ್ತೇನೆ. ಮಕ್ಕಳಿಂದ ಎಂಟು ಪುಟದ ಪುಸ್ತಕ ಮಾಡಿಸುವುದು. ತಲೆಗೆ ಎರಡು ಹಾಳೆ, ಎರಡು ಪಿನ್. ನಲವತ್ತು ಮಕ್ಕಳಿಗೆ ಎಂಬತ್ತು ಪಿನ್. ಪಿನ್ ನಾನೇ ಹೊಡೆಯುತ್ತೇನೆ, ಇದರ ಬಾಯಿಗೆ ಚಿಕ್ಕ ಬೆರಳು ಸಿಗಬಾರದು. ಸಾಲಾಗಿ ನಿಲ್ಲುತ್ತಾರೆ. ಒಂದು ಶಾಲೆಯಲ್ಲಿ ಇಪ್ಪತ್ತಮೂರನೇ ಹುಡುಗನ ಹತ್ತಿರ ಪಿನ್ ಸಿಕ್ಕಿಹಾಕಿಕೊಂಡಿತು. ಸ್ಪ್ರಿಂಗ್ ತೆಗೆದು, ಸ್ಕೇಲಿನ ಮೂಲೆಯಿಂದ ಮೀಟಿ, ಬಾಗಿ ಬಾಗಿ ನೋಡಿ, ಹತ್ತು ನಿಮಿಷ ಒದ್ದಾಡಿದೆ. ಅದಕ್ಕೆ ಮುಂಚೆ ನಾನು ಓದಿದ ಕಥೆಯನ್ನು ಯಾರೂ ಅಷ್ಟು ಉಸಿರು ಬಿಗಿಹಿಡಿದು ಕೇಳಿರಲಿಲ್ಲ. ಮುರಿದ ಪಿನ್ ಟಣ್ ಅಂತ ಹೊರಗೆ ಹಾರಿದಾಗ ಚಪ್ಪಾಳೆ ಬಿತ್ತು.

ಆ ಹುಡುಗ ತನ್ನ ಪುಸ್ತಕದ ಹಿಂಬದಿ ತೋರಿಸಿದ. “ಮಿಸ್, ನಂದಕ್ಕೆ ಬಾರ್‌ಕೋಡೂ ಇದೆ.” ಸ್ಕೇಲ್ ಇಟ್ಟು ಗೆರೆ ಎಳೆದಿದ್ದ, ಕೆಳಗೆ ಅಂಕಿ. ಎಣಿಸಿದೆ. ಸರಿಯಾಗಿ 13! ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ, ಐಎಸ್‌ಬಿಎನ್ 2007ರಿಂದ 13 ಅಂಕಿಯದ್ದೇ. ಎಲ್ಲಿ ನೋಡಿದೆ ಅಂದರೆ, ನಾನು ಓದಿ ಮೇಜಿನ ಮೇಲಿಟ್ಟಿದ್ದ ಪುಸ್ತಕವನ್ನು ತೋರಿಸಿದ. ಕಥೆ ಕೇಳಿರಲಿಲ್ಲ, ಹಿಂಬದಿ ನೋಡುತ್ತಾ ಕೂತಿದ್ದ.

ಹೋದ ತಿಂಗಳು ಮೋಡದ ಪುಸ್ತಕದ ಕರಡಚ್ಚು ಪಿಡಿಎಫ್ ಆಗಿ ಬಂತು. ಇಲ್ಲೂ ಉದ್ದ ಕೈ ಉಪಯೋಗಕ್ಕೆ ಬಂತು. ಪಿಡಿಎಫ್ ಓದುವ ತಂತ್ರಾಂಶದಲ್ಲಿ ಪ್ರಿಂಟ್ ಕೊಡುವಾಗ ‘ಬುಕ್‌ಲೆಟ್’ ಅಂತ ಒಂದು ಆಯ್ಕೆ ಇರುತ್ತದೆ. ಅದನ್ನು ಒತ್ತಿ, ಎರಡೂ ಬದಿ, ಚಿಕ್ಕ ಅಂಚಿನ ಮೇಲೆ ಮಗುಚುವ ಹಾಗೆ ಕೊಟ್ಟರೆ, 32ರ ಪಕ್ಕ 1, 2ರ ಪಕ್ಕ 31 ಅಂತ ಅದೇ ಜೋಡಿಸಿಕೊಂಡು ಎಂಟು ಹಾಳೆ ಬರುತ್ತದೆ. ಉದ್ದ ಅಂಚಿನ ಮೇಲೆ ಮಗುಚಿದರೆ ಅರ್ಧ ಪುಟಗಳು ಶೀರ್ಷಾಸನ ಹಾಕಿರುತ್ತವೆ, ಅದೂ ಆಗಿದೆ ನನಗೆ.

ಮಡಚಿ, ಉಜ್ಜಿ, ಟಕ್ ಟಕ್ ಹೊಡೆದು ತಿರುಗಿಸಿದೆ. 22 ಮತ್ತು 23ರಲ್ಲಿ ಪುಟ್ಟ ಮೋಡ ಎರಡೂ ಪುಟ ತುಂಬಿ ನಗುತ್ತಿತ್ತು. ಅದ್ಭುತ ಚಿತ್ರ. ಆದರೆ ಒಂದು ಕಣ್ಣು ಇಲ್ಲ. ಮತ್ತೆ ನೋಡಿದೆ. ಕಣ್ಣು ಸರಿಯಾಗಿ ಮಡಿಕೆಯೊಳಗೆ ಹೋಗಿ ಕೂತಿತ್ತು. ನನ್ನ ಎರಡು ಪಿನ್ನಿನ ಡಮ್ಮಿಯಾದರೂ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ನಿಜವಾದ ಪುಸ್ತಕ ದಪ್ಪ ರಟ್ಟಿನ ಬೈಂಡಿಂಗ್, ನಡುವೆ ಇನ್ನೂ ಜಾಸ್ತಿ ನುಂಗುತ್ತದೆ. ಪರದೆಯ ಮೇಲೆ ಇಡೀ ಸ್ಪ್ರೆಡ್ ಹಾಸಿಕೊಂಡಿರುತ್ತದೆ, ಮಡಿಕೆಯೇ ಇಲ್ಲ. ಮೂವರು ನೋಡಿದ್ದೆವು, ಮೂವರಿಗೂ ಕಂಡಿರಲಿಲ್ಲ. ಫೋಟೊ ತೆಗೆದು ಸಂಪಾದಕರಿಗೆ ಕಳಿಸಿದೆ. ಚಿತ್ರಗಾರ್ತಿ ಮೋಡವನ್ನು ಎರಡು ಸೆಂ.ಮೀ. ಎಡಕ್ಕೆ ಸರಿಸಿದರು. ಈ ಒಂದು ಕಣ್ಣಿಗೆ ಸ್ಟೇಪ್ಲರಿನ ಋಣ ತೀರಿತು ಅಂತ ನನ್ನ ಲೆಕ್ಕ.

ಅಂಕ ಕೊಡಲೇಬೇಕಾದರೆ ಐದಕ್ಕೆ ನಾಲ್ಕು. ಸುಳ್ಳು ಹೇಳುವ ಅಳತೆಪಟ್ಟಿಗೆ ಅರ್ಧ ಕಳೆದೆ, ಸಡಿಲ ಸ್ಕ್ರೂವಿಗೆ ಅರ್ಧ. ಕಾದಂಬರಿ ಬರೆಯುವವರಿಗೆ ಬೇಡವೇ ಬೇಡ. ದೊಡ್ಡ ಮಕ್ಕಳ ಅಧ್ಯಾಯದ ಪುಸ್ತಕ ಬರೆಯುವವರಿಗೂ ಇದರ ಕೆಲಸ ಇಲ್ಲ. ಪುಟ ತಿರುಗಿಸುವುದನ್ನೇ ನಂಬಿಕೊಂಡು ಬರೆಯುವವರು, ಶಾಲೆಯಲ್ಲಿ ಮಕ್ಕಳಿಂದ ಪುಸ್ತಕ ಮಾಡಿಸುವ ಮೇಷ್ಟ್ರುಗಳು ತಗೊಳ್ಳಬಹುದು. ಪಿನ್ನಿನ ಡಮ್ಮಿಯನ್ನು ಮೂರು ವರ್ಷದೊಳಗಿನ ಮಗುವಿನ ಕೈಗೆ ಮಾತ್ರ ಕೊಡಬೇಡಿ, ಮೊದಲು ಹೋಗುವುದು ಬಾಯಿಗೇ. ದೊಡ್ಡವರಿಗೆ ಕೊಡುವಾಗಲೂ ಬೆನ್ನಿನ ಮೇಲೆ ಒಂದು ಪಟ್ಟಿ ಟೇಪ್ ಅಂಟಿಸಿ. ಬಹಳ ಕಾಲ ಇಟ್ಟುಕೊಳ್ಳುವುದಾದರೆ ದಾರವೇ ಒಳ್ಳೆಯದು. ಪಿನ್ ತುಕ್ಕು ಹಿಡಿದು ಹಾಳೆಗೆ ಕಂದು ಕಲೆ ಬಿಡುತ್ತದೆ.

ಅಣ್ಣನ ಮಗಳಿಗೆ ಈಗ ಏಳು. ತಾನೇ ಓದುತ್ತಾಳೆ. ಒತ್ತಕ್ಷರ ಬಂದರೆ ಒಂದು ಕ್ಷಣ ನಿಂತು, ಅದನ್ನು ದಾಟಿಕೊಂಡು ಹೋಗುತ್ತಾಳೆ. ಮೊನ್ನೆ ಬಂದವಳು ಹೊಸ ಕರಡಚ್ಚನ್ನು ಬಣ್ಣ ಸಮೇತ ಪೂರ್ತಿ ಓದಿದಳು. 15ನೇ ಪುಟದಲ್ಲಿ ನಿಂತು, ತಿರುಗಿಸುವ ಮೊದಲು ಹಾಳೆಯ ಮೂಲೆ ಎತ್ತಿ ಒಳಗೆ ಇಣುಕಿದಳು.

“ಹಂಗೆಲ್ಲ ನೋಡಬಾರದು ಕಣೇ” ಅಂದೆ.

“ಇದೆಯಾ ಅಂತ ನೋಡಿದೆ ಅಷ್ಟೇ, ಅತ್ತೆ.”

ಆಮೇಲೆ ಸ್ಟೇಪ್ಲರ್ ಎಳೆದುಕೊಂಡು, ನನ್ನ ಕೈ ಹಿಡಿಸಿಕೊಂಡು, ಒಂದೇ ಹಾಳೆಯ ನಾಲ್ಕು ಪುಟದ ಪುಸ್ತಕಕ್ಕೆ ಹನ್ನೊಂದು ಪಿನ್ ಹೊಡೆದಳು. ತೆರೆಯಲು ಆಗುತ್ತಿಲ್ಲ. ಒಳಗೆ ಏನಿದೆ ಅಂತ ಇನ್ನೂ ಹೇಳಿಲ್ಲ.